ವಾಸೊಪ್ರೆಸಿನ್ ಒಂದೇ, ರಿಸೆಪ್ಟರ್ ಮೂರು

ಮೂರು ದಿನದಿಂದ ಈ ಪಾಠ ತಲೆಗೆ ಹತ್ತಿರಲಿಲ್ಲ. ನಿನ್ನೆ ರಾತ್ರಿ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ವಾಸೊಪ್ರೆಸಿನ್ 9 ಅಮೈನೋ ಆಮ್ಲಗಳ ಪುಟ್ಟ ನ್ಯೂರೋಪೆಪ್ಟೈಡ್, ಅಂದರೆ ನರಕೋಶ ಸಂದೇಶಕ್ಕಾಗಿ ಬಿಡುವ ಅಮೈನೋ ಆಮ್ಲಗಳ ಸರಪಳಿ. ಹೈಪೋಥಲಾಮಸ್‌ನ ನರಕೋಶಗಳಲ್ಲಿ ತಯಾರಾಗಿ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಸೇರುತ್ತದೆ. ಪಿಯುಸಿಯಲ್ಲಿ ಎಡಿಎಚ್ (ಮೂತ್ರ ಕಡಿಮೆ ಮಾಡಿ ನೀರು ಉಳಿಸುವ ಹಾರ್ಮೋನ್) ಅಂತ ಓದಿದ್ದು ಇದನ್ನೇ.

ಇದರ ರಿಸೆಪ್ಟರ್‌ಗಳು, ಅಂದರೆ ಇದು ಬಂದು ಕೂರುವ ಕೋಶದ ಗೋಡೆಯ ಪ್ರೋಟೀನ್‌ಗಳು, ಮೂರು. ವಿ1ಎ ರಕ್ತನಾಳದ ಸ್ನಾಯುವಿನಲ್ಲಿ, ಲಿವರ್‌ನಲ್ಲಿ, ಮೆದುಳಿನಲ್ಲಿ ಇದೆ. ವಿ1ಬಿ ಮುಖ್ಯವಾಗಿ ಪಿಟ್ಯುಟರಿಯ ಮುಂಭಾಗದಲ್ಲಿ. ವಿ2 ಕಿಡ್ನಿಯ ಸಂಗ್ರಾಹಕ ನಾಳದಲ್ಲಿ. ಕಿಡ್ನಿ ಎರಡು, ಅದಕ್ಕೇ ವಿ2. ಹೀಗೆ ನೆನಪಿಟ್ಟುಕೊಂಡ ಮೇಲೆ ನನಗೆ ಒಮ್ಮೆಯೂ ತಪ್ಪಿಲ್ಲ.

ರಿಸೆಪ್ಟರ್‌ನ ಸುದ್ದಿಯನ್ನು ಕೋಶದೊಳಗೆ ದಾಟಿಸುವುದು ಜಿ ಪ್ರೋಟೀನ್‌ಗಳು. ವಿ1ಎ, ವಿ1ಬಿ ಎರಡೂ ಜಿ-ಕ್ಯೂ ಪ್ರೋಟೀನನ್ನು ಎಬ್ಬಿಸುತ್ತವೆ. ಐಪಿ3 ಎಂಬ ಸಂಕೇತದ ಅಣು ಹುಟ್ಟಿ, ಕೋಶದೊಳಗಿನ ಉಗ್ರಾಣದಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಅಲ್ಲಿಂದ ಹೊರಬರುತ್ತದೆ. ವಿ2 ಎಬ್ಬಿಸುವುದು ಜಿ-ಎಸ್ ಪ್ರೋಟೀನನ್ನು. ಅಲ್ಲಿ ಸಿ-ಎಎಂಪಿ ಎಂಬ ಇನ್ನೊಂದು ಸಂಕೇತದ ಅಣು ಏರುತ್ತದೆ.

ನಾನು ಸಿಕ್ಕಿಕೊಂಡಿದ್ದು ಇಲ್ಲೇ. ವಿ2 ಬೇರೆ ಕೆಲಸ ಮಾಡುತ್ತದೆ, ಸರಿ, ಒಳಗಿನ ಸಂಕೇತವೇ ಬೇರೆ. ಆದರೆ ವಿ1ಎ ಮತ್ತು ವಿ1ಬಿ? ಎರಡರಲ್ಲೂ ಅದೇ ಜಿ-ಕ್ಯೂ, ಅದೇ ಕ್ಯಾಲ್ಸಿಯಂ. ಹಾಗಿದ್ದೂ ಒಂದು ಕಡೆ ರಕ್ತನಾಳ ಬಿಗಿಯುತ್ತದೆ, ಇನ್ನೊಂದು ಕಡೆ ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುವ ಎಸಿಟಿಎಚ್ ಹಾರ್ಮೋನ್ ಸುರಿಯುತ್ತದೆ. ಹೇಗೆ?

ಬಸ್ಸಿನಲ್ಲಿ ಕಂಡಕ್ಟರ್ "ರೈಟ್ ರೈಟ್" ಅಂದಾಗ ಏನಾಗುತ್ತದೆ ನೋಡಿ. ಡ್ರೈವರ್ ಗೇರ್ ಹಾಕುತ್ತಾನೆ. ನಿಂತಿರುವವರು ಕಂಬಿ ಹಿಡಿಯುತ್ತಾರೆ. ಮಾತು ಒಂದೇ, ಕೇಳಿದವರ ಕೈಯಲ್ಲಿ ಇರುವುದು ಬೇರೆ ಬೇರೆ. ಕ್ಯಾಲ್ಸಿಯಂ ಕೂಡ ಹಾಗೇ. ಸ್ನಾಯುಕೋಶದಲ್ಲಿ ಸಂಕೋಚನದ ಪ್ರೋಟೀನ್‌ಗಳಿವೆ, ಅವು ಎಳೆದುಕೊಳ್ಳುತ್ತವೆ. ಪಿಟ್ಯುಟರಿಯ ಕೋಶದಲ್ಲಿ ಎಸಿಟಿಎಚ್ ತುಂಬಿದ ಚೀಲಗಳಿವೆ, ಅವು ಕೋಶದ ಗೋಡೆಗೆ ಸೇರಿ ಹೊರಕ್ಕೆ ತೆರೆದುಕೊಳ್ಳುತ್ತವೆ. ಅಂದರೆ ತೀರ್ಮಾನ ಎರಡು ಹಂತದಲ್ಲಿ ಆಗುತ್ತದೆ. ಒಳಗೆ ಯಾವ ಸಂಕೇತ ಹೋಗಬೇಕು ಅನ್ನುವುದು ರಿಸೆಪ್ಟರ್‌ನದು. ಆ ಸಂಕೇತದಿಂದ ಏನಾಗಬೇಕು ಅನ್ನುವುದು ಕೋಶದ್ದು. ಪೆಪ್ಟೈಡ್ ಸುಮ್ನೆ ಬಾಗಿಲು ತಟ್ಟುತ್ತದೆ, ಅಷ್ಟೇ. ಈ ಎರಡು ಹಂತಗಳನ್ನು ನಾನು ಒಂದೇ ಅಂದುಕೊಂಡಿದ್ದೆ.

ಕಿಡ್ನಿಯಲ್ಲಿ ಇನ್ನೊಂದು ಎಚ್ಚರಿಕೆ. ವಿ2 ಇರುವುದು ಕೋಶದ ರಕ್ತದ ಕಡೆಯ ಗೋಡೆಯಲ್ಲಿ. ಆದರೆ ಸಿ-ಎಎಂಪಿ ಏರಿದಾಗ ಅಕ್ವಪೊರಿನ್-2 ಎಂಬ ನೀರಿನ ಕೊಳವೆ ಹೋಗಿ ಕೂರುವುದು ಎದುರಿನ, ಮೂತ್ರದ ಕಡೆಯ ಗೋಡೆಯಲ್ಲಿ. ನೀರು ಅಲ್ಲಿಂದ ಒಳಬಂದು, ಅಕ್ವಪೊರಿನ್-3 ಮತ್ತು 4ರ ಮೂಲಕ ರಕ್ತದ ಕಡೆಗೆ ದಾಟುತ್ತದೆ. ಚಿತ್ರ ಬರೆಯುವಾಗ ಎರಡನ್ನೂ ಒಂದೇ ಗೋಡೆಗೆ ಅಂಟಿಸಬೇಡಿ.

ಮೆದುಳಿನ ವಿ1ಎ ಬಗ್ಗೆ ಪ್ರೈರಿ ವೋಲ್ ಎಂಬ ಅಮೆರಿಕದ ಪುಟ್ಟ ಇಲಿಯ ಉದಾಹರಣೆ ಸಾಕು. ಗಂಡು ಒಂದೇ ಹೆಣ್ಣಿನ ಜೊತೆ ಜೋಡಿಯಾಗಿ ಉಳಿಯುವುದರಲ್ಲಿ ಈ ರಿಸೆಪ್ಟರ್‌ಗೆ ದೊಡ್ಡ ಪಾತ್ರವಿದೆ.

ಇಷ್ಟು ಗೊತ್ತಾದರೆ ಔಷಧಿಗಳು ತಾವಾಗಿಯೇ ಅರ್ಥವಾಗುತ್ತವೆ. ವಾಸೊಪ್ರೆಸಿನ್ ಹಾಗೇ ತಯಾರಿಸಿದ ಡೆಸ್ಮೊಪ್ರೆಸಿನ್ ಹೆಚ್ಚಾಗಿ ವಿ2 ಮೇಲೆ ಕೆಲಸ ಮಾಡುತ್ತದೆ. ಹಾಗಾಗಿ ನೀರು ಉಳಿಯುತ್ತದೆ, ಬಿಪಿ ಅಷ್ಟಾಗಿ ಏರುವುದಿಲ್ಲ. ಟಾಲ್ವಾಪ್ಟಾನ್ ವಿ2ಗೆ ಅಡ್ಡ ನಿಲ್ಲುತ್ತದೆ, ನೀರು ಹೊರಹೋಗುತ್ತದೆ.

ನೀರಿನಂಥ ಮೂತ್ರ ವಿಪರೀತ ಹೋಗುವ ಡಯಾಬಿಟಿಸ್ ಇನ್ಸಿಪಿಡಸ್ ಕಾಯಿಲೆಯ ಪ್ರಶ್ನೆಯೂ ಇದರಿಂದಲೇ ಬಿಡುತ್ತದೆ. ರೋಗಿಗೆ ಡೆಸ್ಮೊಪ್ರೆಸಿನ್ ಕೊಟ್ಟಾಗ ಮೂತ್ರ ಗಟ್ಟಿಯಾದರೆ ಕೊರತೆ ಇದ್ದದ್ದು ಹಾರ್ಮೋನಿನಲ್ಲಿ. ಹಾಗೆಯೇ ನೀರುನೀರಾಗಿ ಉಳಿದರೆ ಹಾರ್ಮೋನನ್ನು ಕೇಳಿಸಿಕೊಳ್ಳಬೇಕಾದ ಕಿಡ್ನಿಯಲ್ಲಿ. ಹುಟ್ಟಿನಿಂದ ಬರುವ ಈ ಎರಡನೆಯ ಬಗೆಯಲ್ಲಿ ಜಾಸ್ತಿ ಪಾಲು ವಿ2 ಜೀನಿನ ದೋಷದ್ದು. ಆ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ, ಅದಕ್ಕೇ ಗಂಡುಮಕ್ಕಳಲ್ಲಿ ಹೆಚ್ಚು.