ಹೊಸ ಕ್ಯಾಮೆರಾದ ರಾ ಫೈಲು, ಹಳೇ ಫೋಟೋಶಾಪು: ಬಿದ್ರಿ ಫೋಟೋ ತೆಗೆಯುತ್ತಾ ಕಲಿತದ್ದು

ಬೀದರ್‌ನಲ್ಲಿ ನಮ್ಮ ಓಣಿಯಲ್ಲೇ ಬಿದ್ರಿ ಕೆಲಸ ಮಾಡುವ ಚಾಚಾ ಒಬ್ಬರಿದ್ದಾರೆ. ಅವರ ಸುರಾಯಿ, ಹೂದಾನಿ, ಡಬ್ಬಿಗಳ ಫೋಟೋ ತೆಗೆದುಕೊಡುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂದಿದೆ. ಕ್ಯಾಮೆರಾ ಹೊಸದು, ಕ್ಯಾನನ್ 200ಡಿ ಮಾರ್ಕ್ 2. ಕಂಪ್ಯೂಟರ್ ಮಾತ್ರ ಹಳೆಯದು. ವಿಂಡೋಸ್ 7, 4 ಜಿಬಿ ಮೆಮೊರಿ, ಬಾಗಿಲು ಮುಚ್ಚಿದ ಸ್ಟುಡಿಯೋ ಒಂದರಿಂದ ಲೈಸೆನ್ಸ್ ಸಮೇತ ಬಂದ ಫೋಟೋಶಾಪ್ ಸಿಎಸ್5. ಹೊಸ ಕ್ಯಾಮೆರಾದ ರಾ ಫೈಲು, ಅಂದರೆ ಕ್ಯಾಮೆರಾ ಅಳೆದ ಬೆಳಕನ್ನು ಹಾಗೇ ಉಳಿಸಿದ ಫೈಲು, ಈ ಹಳೇ ಫೋಟೋಶಾಪಿನಲ್ಲಿ ತೆರೆಯುತ್ತಿರಲಿಲ್ಲ. ಮೂರು ವಾರ ಒದ್ದಾಡಿ ಈಗಷ್ಟೇ ದಾರಿ ಸಿಕ್ಕಿದೆ. ನಿಮ್ಮ ಮನೆಯಲ್ಲೂ ಇಂಥದ್ದೇ ಜೋಡಿ ಇದ್ದರೆ ಇದು ಉಪಯೋಗಕ್ಕೆ ಬರಬಹುದು. ಕ್ಯಾಮೆರಾದಲ್ಲಿ ರಾ ಆನ್ ಮಾಡುವುದು, ಕಾರ್ಡಿನಿಂದ ಕಾಪಿ ಮಾಡುವುದು ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬರೆಯುವುದಿಲ್ಲ.

ಜೆಪೆಗ್ ಯಾಕೆ ಸಾಲಲಿಲ್ಲ

ಬಿದ್ರಿ ಪಾತ್ರೆಯ ಮೈ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದದ್ದು. ಅದರಲ್ಲಿ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕಣ್ಣಿಗೆ ಇದೇ ಚಂದ. ಕ್ಯಾಮೆರಾಕ್ಕೆ ಇದೇ ಕಷ್ಟ. ಒಂದೇ ಫೋಟೋದಲ್ಲಿ ಕಡುಕಪ್ಪೂ ಇದೆ, ಹೊಳೆಯುವ ಬಿಳಿಯೂ ಇದೆ.

ಮೊದಲ ಜೆಪೆಗ್ ಫೋಟೋಗಳನ್ನು ತೋರಿಸಿದಾಗ ಚಾಚಾ ಕೇಳಿದ್ದು ಇಷ್ಟೇ: "ಬೆಳ್ಳಿ ಎಲ್ಲಾ ಸುಣ್ಣ ಬಳದಂಗ ಆಗ್ಯಾದಲ್ಲಪ್ಪಾ, ನಾ ಕೊರದ ಗೆರಿ ಎಲ್ಲಿ ಹೋದ್ವು?"

ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. ಈ ಕ್ಯಾಮೆರಾದ ರಾ 14 ಬಿಟ್, ಅಂದರೆ 16,384 ಮೆಟ್ಟಿಲು. ಗೆರೆಗಳು ಉಳಿಯಬೇಕೆಂದರೆ ರಾ ಬೇಕೇ ಬೇಕು.

ಹೆಸರು ಬದಲಿಸಿದರೆ ಫೈಲು ತೆರೆಯುವುದಿಲ್ಲ

ನಾನು ಎಡವಿದ್ದು ಇಲ್ಲೇ. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತೇನೆ.

ಕ್ಯಾಮೆರಾ ಕೊಟ್ಟದ್ದು ಸಿಆರ್3 ಫೈಲು. ಸಿಎಸ್5 ಅದನ್ನು ಗುರುತೇ ಹಿಡಿಯಲಿಲ್ಲ. ಸ್ಟುಡಿಯೋದವರ ಹಳೇ ಸಿಆರ್2 ಫೈಲುಗಳು ಮಾತ್ರ ಸರಾಗವಾಗಿ ತೆರೆಯುತ್ತಿದ್ದವು. ಹಾಗಾಗಿ ಫೈಲಿನ ಹೆಸರಿನ ಕೊನೆಯಲ್ಲಿದ್ದ 3 ತೆಗೆದು 2 ಮಾಡಿದೆ. ಆಗಲೂ ತೆರೆಯಲಿಲ್ಲ. ಮರುದಿನ ಗೆಳೆಯನ 200ಡಿ ಕ್ಯಾಮೆರಾದ ಫೈಲು ತಂದೆ. ಅದು ನನ್ನದಕ್ಕಿಂತ ಹಿಂದಿನ ಮಾಡೆಲ್, 2017ರದ್ದು, ಅಸಲಿ ಸಿಆರ್2 ಕೊಡುತ್ತದೆ. ಅದೂ ತೆರೆಯಲಿಲ್ಲ! ಆಗ ಗೊತ್ತಾಯಿತು, ಇಲ್ಲಿರುವುದು ಒಂದು ಬೀಗವಲ್ಲ, ಎರಡು ಬೀಗ.

ಮೊದಲನೇ ಬೀಗ ಡಬ್ಬಿಯದ್ದು. ಸಿಆರ್2 ಫೈಲಿನ ಒಳಗಿನ ಜೋಡಣೆ ಟಿಫ್ ಎಂಬ ಹಳೇ ಚಿತ್ರ ಫೈಲಿನ ಮಾದರಿಯದ್ದು. ಸಿಆರ್3 ಬಂದದ್ದು 2018ರಲ್ಲಿ, ಕ್ಯಾನನ್ ಎಂ50 ಕ್ಯಾಮೆರಾದ ಜೊತೆಗೆ. ಅದರ ಜೋಡಣೆ ಎಂಪಿ4 ವಿಡಿಯೋ ಫೈಲಿನ ಜಾತಿಯದ್ದು. ಸಿಎಸ್5 ಬಂದದ್ದು 2010ರಲ್ಲಿ. ತಾನು ಬಂದು ಎಂಟು ವರ್ಷದ ಮೇಲೆ ಹುಟ್ಟಿದ ಡಬ್ಬಿಯನ್ನು ಅದು ಹೇಗೆ ಬಿಚ್ಚಬೇಕು? ಮೇಲಿನ ಚೀಟಿ ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ.

ಎರಡನೇ ಬೀಗ ಲೆಕ್ಕದ್ದು. ಗೆಳೆಯನ ಫೈಲು ನಿಂತದ್ದು ಇದರಿಂದ. ರಾ ಫೈಲಿನಲ್ಲಿ ಇನ್ನೂ ಚಿತ್ರವೇ ಆಗಿರುವುದಿಲ್ಲ, ಬರೀ ಅಂಕಿ ಇರುತ್ತವೆ. ಬೆಳಕು ಹಿಡಿಯುವ ಸೆನ್ಸರ್‌ನ ಒಂದೊಂದು ಚುಕ್ಕಿಯ ಮೇಲೂ ಒಂದೇ ಬಣ್ಣದ ಗಾಜು ಕೂತಿರುತ್ತದೆ. ನಾಲ್ಕು ಚುಕ್ಕಿಗೆ ಒಂದು ಕೆಂಪು, ಎರಡು ಹಸಿರು, ಒಂದು ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು. ಅದಕ್ಕೇ ಇದಕ್ಕೆ ಬೇಯರ್ ಫಿಲ್ಟರ್ ಎಂದು ಹೆಸರು. ಈ ಅಂಕಿಗಳು ಚಿತ್ರವಾಗಬೇಕಾದರೆ ಸಾಫ್ಟ್‌ವೇರಿಗೆ ಕೆಲವು ಗುಟ್ಟು ಗೊತ್ತಿರಬೇಕು. ಯಾವ ಚುಕ್ಕಿಗೆ ಯಾವ ಬಣ್ಣ? ಪೂರ್ತಿ ಕತ್ತಲಿದ್ದಾಗ ಈ ಸೆನ್ಸರ್ ಎಷ್ಟು ಅಂಕಿ ಕೊಡುತ್ತದೆ? (ಕ್ಯಾನನ್‌ನಲ್ಲಿ ಕತ್ತಲೆಗೆ ಸೊನ್ನೆ ಬರುವುದಿಲ್ಲ.) ತುಂಬಿ ತುಳುಕುವುದು ಎಷ್ಟಕ್ಕೆ? ಈ ಸೆನ್ಸರ್‌ನ ಕೆಂಪು ನಿಜವಾದ ಕೆಂಪಿಗೆ ಎಷ್ಟು ದೂರ? ಇವು ಒಂದೊಂದು ಮಾಡೆಲಿಗೂ ಬೇರೆ ಬೇರೆ. ಫೋಟೋಶಾಪ್ ಒಳಗಿರುವ ಕ್ಯಾಮೆರಾ ರಾ ಎನ್ನುವ ಪ್ಲಗಿನ್ ಇವುಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಕ್ಯಾಮೆರಾದ ಫೈಲನ್ನು ಅದು ಮುಟ್ಟುವುದಿಲ್ಲ. ಸಿಎಸ್5ಗೆ ಬಂದ ಕೊನೆಯ ಕ್ಯಾಮೆರಾ ರಾ 6.7, ಅದು 2012ರದ್ದು. ಅದರಾಚೆ ಬಂದ ಕ್ಯಾಮೆರಾಗಳ ಹೆಸರು ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ.

ನನಗೆ ಇದು ತಲೆಗೆ ಹೋದದ್ದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಾದಾಗ. ಅದರಲ್ಲಿ "ಮೂಲಿಮನಿ 3 ತೊ, 2 ಶೇಂ" ಅಂತ ಇರುತ್ತದೆ. ಮೂಲೆಮನೆಯವರು ಮೂರು ಕಿಲೋ ತೊಗರಿಬೇಳೆ, ಎರಡು ಕಿಲೋ ಶೇಂಗಾ ಒಯ್ದಿದ್ದಾರೆ ಅಂತ ಅಂಗಡಿಯವರಿಗೆ ಗೊತ್ತು. ನಾವು ಓದಿದರೆ ಅಕ್ಷರ ಕಾಣುತ್ತವೆ, ಲೆಕ್ಕ ತಿಳಿಯುವುದಿಲ್ಲ. ಅಂಗಡಿಯವರು ಮೊದಲ ಪುಟದಲ್ಲಿ "ತೊ ಅಂದರೆ ತೊಗರಿ, ಎಲ್ಲವೂ ಕಿಲೋ ಲೆಕ್ಕ" ಎಂದು ಬರೆದಿಟ್ಟರೆ ಯಾರು ಬೇಕಾದರೂ ಓದಬಹುದು ಅಲ್ವಾ? ಆ ಮೊದಲ ಪುಟ ಇರುವ ಪುಸ್ತಕವೇ ಡಿಎನ್‌ಜಿ. ಅಡೋಬಿ 2004ರಲ್ಲಿ ಹೊರತಂದ ರಾ ಮಾದರಿ ಇದು. ಅಂಕಿಗಳ ಜೊತೆಗೆ ಆ ಗುಟ್ಟುಗಳೂ ಫೈಲಿನ ಒಳಗೇ ಇರುತ್ತವೆ. ಡಬ್ಬಿಯೂ ಟಿಫ್ ಜಾತಿಯದ್ದು. ಎರಡೂ ಬೀಗ ಒಟ್ಟಿಗೆ ತೆಗೆಯುತ್ತವೆ. ನನ್ನ ಕ್ಯಾಮೆರಾದ ಹೆಸರು ಗೊತ್ತಿಲ್ಲದಿದ್ದರೂ ಸಿಎಸ್5 ಆ ಫೈಲನ್ನು ಓದುತ್ತದೆ.

ಡಿಎನ್‌ಜಿ ಮಾಡುವುದು

ಅಡೋಬಿ ಡಿಎನ್‌ಜಿ ಕನ್ವರ್ಟರ್ ಉಚಿತ. ಅದರ ಹೊಸ ಆವೃತ್ತಿ ವಿಂಡೋಸ್ 7ರಲ್ಲಿ ಕೂರುವುದಿಲ್ಲ. ತೀರಾ ಹಳೇ ಆವೃತ್ತಿ ಸಿಆರ್3 ಓದುವುದಿಲ್ಲ. ನಾನು ತಂಗಿಯ ಕಾಲೇಜು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡೆ. ರಾತ್ರಿ ಅದರಲ್ಲಿ ಪರಿವರ್ತಿಸಿ, ಪೆನ್‌ಡ್ರೈವಿನಲ್ಲಿ ನನ್ನ ಕಂಪ್ಯೂಟರಿಗೆ ತರುತ್ತೇನೆ.

ಇಲ್ಲಿ ಎರಡು ಜಾಗ ಜೋಪಾನ. ಒಂದು, ಕನ್ವರ್ಟರ್ ಕೇಳುವುದು ಫೋಲ್ಡರನ್ನು. ಫೋಲ್ಡರಿನ ಒಳಗೆ ಹೋದರೆ ಖಾಲಿ ಕಾಣುತ್ತದೆ, ಫೋಟೋಗಳೇ ಇಲ್ಲ ಎನಿಸುತ್ತದೆ. ಗಾಬರಿಯಾಗಬೇಡಿ. ಹೊರಗೇ ನಿಂತು ಫೋಲ್ಡರ್ ಮೇಲೆ ಒಂದು ಸಲ ಒತ್ತಿ ಆರಿಸಿ, ಅಷ್ಟೇ.

ಎರಡು, ಪ್ರಿಫರೆನ್ಸಸ್ ಒಳಗಿನ ಕಂಪ್ಯಾಟಿಬಿಲಿಟಿ. ಡಿಎನ್‌ಜಿಯಲ್ಲೂ ಹೊಸದು ಹಳೇದು ಇವೆ. ಪಟ್ಟಿಯಲ್ಲಿ ಕ್ಯಾಮೆರಾ ರಾ 4.6, 5.4, 6.6, 7.1 ಹೀಗೆ ಸಾಲಾಗಿ ಇರುತ್ತವೆ. ನಿಮ್ಮಲ್ಲಿರುವ ಕ್ಯಾಮೆರಾ ರಾಗಿಂತ ದೊಡ್ಡ ಅಂಕಿ ಆರಿಸಬೇಡಿ. ನಿಮ್ಮದು ಎಷ್ಟೆಂದು ಫೋಟೋಶಾಪಿನ ಹೆಲ್ಪ್ ಮೆನುವಿನಲ್ಲಿ ಅಬೌಟ್ ಪ್ಲಗಿನ್, ಕ್ಯಾಮೆರಾ ರಾ ಎಂದು ಹೋದರೆ ಕಾಣುತ್ತದೆ. ನಾನು 5.4 ಇಟ್ಟುಕೊಂಡಿದ್ದೇನೆ. ಸಿಆರ್3 ಫೈಲುಗಳನ್ನು ಅಳಿಸಬೇಡಿ. ನಾಳೆ ಹೊಸ ಕಂಪ್ಯೂಟರ್ ಬಂದರೆ ಅವು ನೇರವಾಗಿ ಬೇಕಾಗುತ್ತವೆ.

ತೆರೆದ ಕೂಡಲೇ ಮಂಕಾಗುತ್ತದೆ

ಕ್ಯಾಮೆರಾದ ಪರದೆಯಲ್ಲಿ ಚಂದ ಕಂಡ ಫೋಟೋ ಇಲ್ಲಿ ಸಪ್ಪೆ ಕಾಣುತ್ತದೆ. ಫೈಲು ಕೆಟ್ಟಿಲ್ಲ. ಕ್ಯಾಮೆರಾ ತೋರಿಸಿದ್ದು ರಾ ಒಳಗೆ ಅಡಗಿಸಿಟ್ಟ ಜೆಪೆಗ್, ಅದಕ್ಕೆ ಕ್ಯಾಮೆರಾವೇ ಬಣ್ಣ, ಕಾಂಟ್ರಾಸ್ಟ್ ಎಲ್ಲಾ ಹಾಕಿರುತ್ತದೆ. ಇಲ್ಲಿ ಅಡುಗೆ ನಾವು ಮಾಡಬೇಕು.

ಈಗಿನ ಯೂಟ್ಯೂಬ್ ಪಾಠ ನೋಡಿ ಹೈಲೈಟ್ಸ್, ಶ್ಯಾಡೋಸ್, ವೈಟ್ಸ್ ಎಂಬ ಸ್ಲೈಡರ್‌ಗಳನ್ನು ಹುಡುಕಬೇಡಿ. ಅವು ಬಂದದ್ದು 2012ರಲ್ಲಿ, ಸಿಎಸ್6 ಜೊತೆಗೆ. ನಮ್ಮ ಹಳೇ ಕ್ಯಾಮೆರಾ ರಾದಲ್ಲಿ ಇರುವುದು ಎಕ್ಸ್‌ಪೋಶರ್, ರಿಕವರಿ, ಫಿಲ್ ಲೈಟ್, ಬ್ಲ್ಯಾಕ್ಸ್, ಬ್ರೈಟ್‌ನೆಸ್. ಹೆಚ್ಚುಕಡಿಮೆ ರಿಕವರಿ ಮಾಡುವ ಕೆಲಸವೇ ಹೈಲೈಟ್ಸ್ ತಗ್ಗಿಸುವುದು, ಫಿಲ್ ಲೈಟ್ ಕೆಲಸವೇ ಶ್ಯಾಡೋಸ್ ಏರಿಸುವುದು. ಎಕ್ಸ್‌ಪೋಶರ್ ಮತ್ತು ಬ್ರೈಟ್‌ನೆಸ್ ಒಂದೇ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಇಲ್ಲಿ ಎಕ್ಸ್‌ಪೋಶರ್ ಬಿಳಿಯ ತುದಿ ಎಲ್ಲಿರಬೇಕು ಎಂದು ಹೇಳುತ್ತದೆ. ಬ್ರೈಟ್‌ನೆಸ್ ನಡುವಿನ ಬೆಳಕನ್ನು ಏರಿಸುತ್ತದೆ. ಅದಕ್ಕೇ ಬ್ರೈಟ್‌ನೆಸ್ ಕೊನೆಗೆ ಮುಟ್ಟಬೇಕು.

ಆಲ್ಟ್ ಕೀ ಹಿಡಿದು ಎಳೆಯಿರಿ

ಇಡೀ ಟಿಪ್ಪಣಿಯಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನೇ ಇಡಿ. ಆಲ್ಟ್ ಒತ್ತಿ ಹಿಡಿದು ಎಕ್ಸ್‌ಪೋಶರ್ ಎಳೆದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಎಲ್ಲಿ ಬೆಳಕು ತುಂಬಿ ತುಳುಕಿದೆಯೋ ಅಲ್ಲಿ ಮಾತ್ರ ಬಣ್ಣ ಕಾಣುತ್ತದೆ. ಕೆಂಪು ಕಂಡರೆ ಕೆಂಪು ಮಾತ್ರ ತುಂಬಿದೆ. ಹಳದಿ ಕಂಡರೆ ಕೆಂಪು, ಹಸಿರು ಎರಡೂ ತುಂಬಿವೆ. ಬಿಳಿ ಕಂಡರೆ ಮೂರೂ ತುಂಬಿವೆ.

ಚಾಚಾ ಅವರ ಸುರಾಯಿಯ ಕತ್ತಿನ ಸುತ್ತ ಸಣ್ಣ ಬಳ್ಳಿ ಇದೆ, ಒಂದೊಂದು ಎಲೆಯೂ ಜೋಳದ ಕಾಳಿನಷ್ಟು. ಆಲ್ಟ್ ಹಿಡಿದಾಗ ಕತ್ತಿನ ಎಡಬದಿ ಹಳದಿ ಚುಕ್ಕಿಗಳಾಗಿ ಹೊಳೆಯಿತು. ಬಲಬದಿಯಲ್ಲಿ ಒಂದು ಉದ್ದ ಬಿಳಿ ಪಟ್ಟಿ. ಆಲ್ಟ್ ಬಿಡದೆ ರಿಕವರಿಯನ್ನು 40ರ ತನಕ ಎಳೆದೆ. ಹಳದಿ ಚುಕ್ಕಿಗಳು ಒಂದೊಂದಾಗಿ ಆರಿದವು. ಕೈ ಬಿಟ್ಟು ನೋಡಿದರೆ ಎಲೆಯ ನಡುವಿನ ನರವೂ ಕಾಣುತ್ತಿತ್ತು! ಅಲ್ಲಿ ನೀಲಿ ಇನ್ನೂ ತುಂಬಿರಲಿಲ್ಲ, ಉಳಿದ ಆ ಒಂದರಿಂದ ಸಾಫ್ಟ್‌ವೇರ್ ವಿವರ ಕಟ್ಟಿಕೊಂಡಿತು. ಬಲಬದಿಯ ಬಿಳಿ ಪಟ್ಟಿಯಲ್ಲಿ ಮಾತ್ರ ಏನೂ ಹುಟ್ಟಲಿಲ್ಲ. 100ಕ್ಕೆ ಎಳೆದರೆ ಬೂದು ಬಣ್ಣದ ತೇಪೆ ಬಂತು, ಗೆರೆ ಬರಲಿಲ್ಲ. ಮೂರೂ ತುಂಬಿದ ಜಾಗದಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. ಅಂಥದ್ದು ಕಂಡರೆ ಫೋಟೋ ಮತ್ತೆ ತೆಗೆಯುವುದೇ ವಾಸಿ. ಕಿಟಕಿಗೆ ಬಿಳಿ ಧೋತರ ಅಡ್ಡ ಕಟ್ಟಿ ತೆಗೆದೆ. ಬೆಳಕು ಹರಡಿ ಬಂತು, ಪಟ್ಟಿ ಮಾಯವಾಯಿತು.

ಬ್ಲ್ಯಾಕ್ಸ್ ಎಳೆಯುವಾಗಲೂ ಆಲ್ಟ್ ಹಿಡಿಯಿರಿ. ಆಗ ಪರದೆ ಬಿಳಿ, ಮುಳುಗಿದ ಜಾಗ ಕಪ್ಪು. ಬಿದ್ರಿಯಲ್ಲಿ ಮೈ ಕಪ್ಪಾಗಿಯೇ ಇರಬೇಕು, ಸ್ವಲ್ಪ ಮುಳುಗಿದರೂ ಪರವಾಗಿಲ್ಲ. ಫಿಲ್ ಲೈಟ್ ಜಾಸ್ತಿ ಮಾಡಿದರೆ ಆ ಕಪ್ಪು ಒಲೆಯ ಬೂದಿಯಂತಾಗಿ ಕಾಳುಕಾಳು ಕಾಣುತ್ತದೆ. ಕತ್ತಲ ಜಾಗದಲ್ಲಿ ಸೆನ್ಸರಿಗೆ ಸಿಕ್ಕ ಬೆಳಕೇ ಕಡಿಮೆ, ಅದೇ ಮುಖ್ಯ ಕಾರಣ. ಆ 16,384 ಮೆಟ್ಟಿಲುಗಳ ಹಂಚಿಕೆಯಲ್ಲೂ ಇದು ಕಾಣುತ್ತದೆ. ಅರ್ಧ, ಅಂದರೆ 8,192, ಅತಿ ಬೆಳಕಿನ ಒಂದು ಸ್ಟಾಪಿಗೇ (ಬೆಳಕು ಇಮ್ಮಡಿಯಾಗುವ ಒಂದು ಹಂತಕ್ಕೇ) ಹೋಗುತ್ತವೆ. ಅದರ ಕೆಳಗಿನದಕ್ಕೆ 4,096, ಆಮೇಲೆ 2,048. ಹೀಗೆ ಅರ್ಧರ್ಧ ಆಗುತ್ತಾ ಕತ್ತಲಿಗೆ ಉಳಿಯುವುದು ಬೆರಳೆಣಿಕೆ. ಅದನ್ನು ಎಳೆದು ಹಿಗ್ಗಿಸಿದರೆ ನಾಯ್ಸ್, ಅಂದರೆ ಆ ಕಾಳುಕಾಳು, ಎದ್ದು ಬರುತ್ತದೆ. ನಾನು ಫಿಲ್ ಲೈಟ್ 10 ದಾಟಿಸುವುದಿಲ್ಲ.

ಕೆಳಗಿನ ನೀಲಿ ಸಾಲು

ಕ್ಯಾಮೆರಾ ರಾ ಕಿಟಕಿಯ ತಳದಲ್ಲಿ ನೀಲಿ ಅಕ್ಷರದ ಒಂದು ಸಾಲಿದೆ. ಅಡೋಬಿ ಆರ್‌ಜಿಬಿ, 8 ಬಿಟ್, 6000 ಬೈ 4000 ಹೀಗೆ. ಅದು ಸುಮ್ನೆ ಮಾಹಿತಿ ಅಂತ ಬಿಟ್ಟಿದ್ದೆ, ಆದರೆ ಅದನ್ನು ಒತ್ತಬಹುದು. 8 ಬಿಟ್‌ನಲ್ಲೇ ತೆರೆದು ಫೋಟೋಶಾಪ್‌ನಲ್ಲಿ ಲೆವೆಲ್ಸ್ ಎಳೆದಾಗ ಸುರಾಯಿಯ ಹಿಂದಿನ ಬೂದು ಬಟ್ಟೆಯಲ್ಲಿ ಪಟ್ಟೆಪಟ್ಟೆ ಬಂದವು. ಒತ್ತಿ 16 ಬಿಟ್ ಮಾಡಿದ ಮೇಲೆ ಬರಲಿಲ್ಲ. ಫೋಟೋ 68.7 ಎಂಬಿ ಇದ್ದದ್ದು 137.3 ಎಂಬಿ ಆಗುತ್ತದೆ, ಹಳೇ ಕಂಪ್ಯೂಟರ್ ನಿಧಾನವಾಗುತ್ತದೆ. ಒಂದು ಸಲಕ್ಕೆ ಒಂದೇ ಫೋಟೋ ತೆರೆದರೆ ಸಾಕಾಗುತ್ತದೆ.

ವೈಟ್ ಬ್ಯಾಲೆನ್ಸ್

ಬೆಳಕಿನ ಬಣ್ಣ ಫೋಟೋಗೆ ಅಂಟದಂತೆ ಸರಿಪಡಿಸುವುದು ಇದು. ಬಣ್ಣವಿಲ್ಲದ ಬೂದು ಜಾಗದ ಮೇಲೆ ಒತ್ತಬೇಕು. ಬೆಳ್ಳಿಯ ಮೇಲೆ ಒತ್ತಬೇಡಿ. ಬೆಳ್ಳಿ ಕನ್ನಡಿ ಇದ್ದ ಹಾಗೆ, ನನ್ನ ಕೆಂಪು ಅಂಗಿಯ ಬಣ್ಣ ಅದರಲ್ಲಿತ್ತು. ಮೊದಲ ಫೋಟೋದಲ್ಲಿ ಪಾತ್ರೆಯ ಪಕ್ಕ ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಇಡಿ. ಎಲ್ಲ ಫೋಟೋ ಒಟ್ಟಿಗೆ ಕ್ಯಾಮೆರಾ ರಾದಲ್ಲಿ ತೆರೆದು, ಕಾರ್ಡ್ ಇರುವ ಫೋಟೋ ಆರಿಸಿ, ಐ ಒತ್ತಿ ಕಾರ್ಡಿನ ಮೇಲೆ ಒಂದು ಕ್ಲಿಕ್. ಆಮೇಲೆ ಸೆಲೆಕ್ಟ್ ಆಲ್, ಸಿಂಕ್ರನೈಸ್.

ಕಳಿಸುವಾಗ

ಎಲ್ಲ ಕೆಲಸ ಮುಗಿದ ಮೇಲೆ ಎಡಿಟ್ ಮೆನುವಿನಲ್ಲಿ ಕನ್ವರ್ಟ್ ಟು ಪ್ರೊಫೈಲ್, ಎಸ್‌ಆರ್‌ಜಿಬಿ (ಫೋನು, ವೆಬ್ಬಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ಮಾದರಿ). ಆಮೇಲೆ 8 ಬಿಟ್, ಆಮೇಲೆ ಜೆಪೆಗ್. ಅಡೋಬಿ ಆರ್‌ಜಿಬಿಯಲ್ಲೇ ಬಿಟ್ಟರೆ ಕೆಲವು ಫೋನ್‌ಗಳಲ್ಲಿ ಬಣ್ಣ ಸತ್ತ ಹಾಗೆ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸುತ್ತದೆ, ಜೋಳದ ಕಾಳಿನಷ್ಟಿದ್ದ ಆ ಎಲೆಗಳು ಮತ್ತೆ ಬಿಳಿ ಚುಕ್ಕಿಗಳಾಗುತ್ತವೆ.