ಠೇಕಾ ಹಿಡಿಯೋದು ಅಂದ್ರೆ ಏನು?

ಬೆಳಗಾವಿ ಕಡೆ ಭಜನೆಗಳಲ್ಲಿ ತಬಲಾದವರು ಕೈಚಳಕ ಜಾಸ್ತಿ ತೋರಿಸತೊಡಗಿದರೆ ಹಾಡುವವರು 'ಠೇಕಾ ಹಿಡೀರಿ' ಅಂತಾರೆ. ಅಂದರೆ ತಾಳದ ಮೂಲ ಬಡಿತಕ್ಕೆ ಬನ್ನಿ ಅಂತ. ಪ್ರತಿ ತಾಳಕ್ಕೂ ಗೊತ್ತಾದ ಬೋಲುಗಳ, ಅಂದರೆ ಬಡಿತಗಳನ್ನು ಬಾಯಲ್ಲಿ ಹೇಳುವ ಪದಗಳ, ಸಾಲು ಇರುತ್ತದೆ. ಅದನ್ನೇ ಮತ್ತೆ ಮತ್ತೆ ನುಡಿಸುವುದು ಠೇಕಾ.

ದಾದ್ರಾ ತಾಳವನ್ನೇ ನೋಡಿ. 6 ಮಾತ್ರೆ, ಅಂದರೆ 6 ಎಣಿಕೆ: ಧಾ ಧಿನ್ ನಾ, ತಾ ತಿನ್ ನಾ. ಒಮ್ಮೆ ಬಾಯಲ್ಲಿ ಹೇಳಿಕೊಳ್ಳಿ. ಧಾ, ಧಿನ್ ಎರಡರಲ್ಲೂ ಡಗ್ಗಾದ (ತಬಲಾ ಜೋಡಿಯಲ್ಲಿ ದಪ್ಪ ದನಿಯದು) 'ಗುಂ' ಇದೆ. ತಾ, ತಿನ್ ಬಂದಾಗ ಅದು ಇಲ್ಲ. ಇದು ಖಾಲಿ. ಹೆಸರು ಖಾಲಿಯಾದರೂ ಮೇಳವನ್ನು ಹಿಡಿದಿಡುವುದರಲ್ಲಿ ಇದರ ಕೆಲಸ ದೊಡ್ಡದು. ಪೇಟಿ (ಹಾರ್ಮೋನಿಯಂ) ನುಡಿಸುವವರು ಕಣ್ಣು ಮುಚ್ಚಿ ಕೂತಿದ್ದರೂ ಡಗ್ಗಾ ಸುಮ್ಮನಾದ ಕೂಡಲೇ ಅರ್ಧ ಆವರ್ತ (ತಾಳದ ಒಂದು ಸುತ್ತು) ಕಳೆಯಿತು ಅಂತ ತಿಳಿಯುತ್ತದೆ. ಎಣಿಸುವ ಗೊಡವೆಯೇ ಇಲ್ಲ. ಡಗ್ಗಾ ಮತ್ತೆ ಗುಂ ಅಂದಾಗ ಎಲ್ಲರೂ ಸಮಕ್ಕೆ, ಅಂದರೆ ಸುತ್ತಿನ ಮೊದಲ ಮಾತ್ರೆಗೆ, ಬಂದು ಸೇರುತ್ತಾರೆ.

ಮೇಳ ಕೂಡುವುದು ಅಂದರೆ ಎಲ್ಲರೂ ಒಂದೇ ಸಲಕ್ಕೆ ಬಡಿಯುವುದು ಅಂದುಕೊಳ್ಳುವವರು ಜಾಸ್ತಿ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಕೈತಾಳ ಹಿಡಿದ ತಾಳದವರು ನೇರವಾಗಿ ಬಡಿಯುತ್ತಾರೆ, ದಮಡಿ ಎಂಬ ಚರ್ಮವಾದ್ಯದವರು ನಡುವಿನ ಸಂದು ತುಂಬುತ್ತಾರೆ, ಹಾಡುವವರು ಬೇಕಂತಲೇ ಕೊಂಚ ಎಳೆದು ಹಾಡುತ್ತಾರೆ. ಠೇಕಾ ಗಟ್ಟಿಯಾಗಿದ್ದರೆ ಆ ಎಳೆತ ಸೊಗಸು. ಠೇಕಾ ಅಲುಗಾಡಿದರೆ ಅದೇ ಎಳೆತ ತಪ್ಪಾಗಿ ಕೇಳುತ್ತದೆ! ಹಾಡು ಏರಿದಾಗ ತಬಲಾದವರು ಠೇಕಾ ಬಿಟ್ಟು ಲಗ್ಗಿಗೆ, ಅಂದರೆ ಚುರುಕಾದ ವರಸೆಗಳಿಗೆ, ಹೋಗುವುದೂ ಉಂಟು. ಆಗ ಲಯ ಕಾಯುವ ಹೊಣೆ ತಾಳದವರದು.

ಬೇರೆ ನಾಡುಗಳಲ್ಲಿ ಈ ಕೆಲಸ ಬೇರೆ ವಾದ್ಯಕ್ಕೆ ಸೇರುತ್ತದೆ. ಪಶ್ಚಿಮ ಆಫ್ರಿಕಾದ ಎವೆ ಜನರ ಮೇಳದಲ್ಲಿ ಗಾಂಕೋಗುಯಿ ಅನ್ನುವ ಕಬ್ಬಿಣದ ಜೋಡಿಗಂಟೆ ಒಂದೇ ವರಸೆಯನ್ನು ಬಿಡದೆ ನುಡಿಯುತ್ತದೆ. ಡೋಲುಗಳು ಅದನ್ನು ಕೇಳಿಕೊಂಡೇ ನಡೆಯಬೇಕು. ಬಾಲಿ ದ್ವೀಪದ ಕೋತೆಕಾನ್ ಅನ್ನುವ ನುಡಿಸುವ ಬಗೆ ಇನ್ನೂ ಮಜಾ. ವೇಗದ ಒಂದೇ ರಾಗಸಾಲನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರ ಪೆಟ್ಟು. ಒಬ್ಬರನ್ನೇ ಕೇಳಿದರೆ ಹಾಡು ಹರಿದು ಹೋದಂತೆ ಇರುತ್ತದೆ.

ದೂರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಬಾಗಲಕೋಟೆ ಕಡೆಯ ಜಾತ್ರೆಯಲ್ಲಿ ಕರಡಿ ಮಜಲಿನ (ಕರಡಿ ಅನ್ನುವುದು ಇಲ್ಲಿ ಒಂದು ಚರ್ಮವಾದ್ಯ) ಮೇಳ ಉದ್ದಕ್ಕೆ ಚದುರಿತು ಅಂತಿಟ್ಟುಕೊಳ್ಳಿ. ಕರಡಿಯ ಪೆಟ್ಟು 34 ಮೀಟರ್ ಹಿಂದೆ ಸನಾದಿ (ಶಹನಾಯಿಯಂಥ ವಾದ್ಯ) ಊದುವವರ ಕಿವಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ. ಜೋರು ನಡೆಯಲ್ಲಿ ಲಯ ತಪ್ಪಲು ಅಷ್ಟು ಸಾಕು.