ಹಳದಿ ಅಂದ್ರಿ, ಹನಿ ಬೀಳಲಿಲ್ಲ

ಭರಣಿ ಮಳೆಯ ಹೊತ್ತಿಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ರಾಯಚೂರು ಸುತ್ತಲಿನ ರೈತರಿಗೆ ಹವಾಮಾನ ಸಲಹೆ ಕೊಡುವುದು ನನ್ನ ಕೆಲಸ. ಮೊನ್ನೆ ಸಿಂಧನೂರು ಕಡೆಯ ರೈತರೊಬ್ಬರು ಬೇಸರದಲ್ಲೇ ಕೇಳಿದರು: "ಸರ್, ಜಿಲ್ಲೆಗೆ ಮಳೆಯ ಹಳದಿ ಎಚ್ಚರಿಕೆ ಅಂದ್ರಿ. ಭತ್ತದ ರಾಶಿಗೆ ತಾಡಪತ್ರಿ ಹೊಚ್ಚಿ ರಾತ್ರಿಯೆಲ್ಲ ಕಾದೇವ್ರಿ, ಒಂದ್ ಹನಿ ಬೀಳಲಿಲ್ಲ."

ಅದೇ ಸಂಜೆ ಅವರ ಹೊಲದಿಂದ ಇಪ್ಪತ್ತು ಕಿಲೋಮೀಟರ್ ಆಚೆ ಆಲಿಕಲ್ಲು ಬಿದ್ದು, ಕೊಯ್ಲಿಗೆ ನಿಂತಿದ್ದ ಭತ್ತ ಉದುರಿಹೋಗಿತ್ತು.

ಗುಡುಗು ಮಳೆಗೆ ಮೂರು ಬೇಕು. ಕೆಳಗೆ ತೇವ, ಮೇಲೆ ತಂಪು, ಮತ್ತೆ ಕೆಳಗಿನ ಗಾಳಿಯನ್ನು ಮೇಲೆ ತಳ್ಳುವ ಒಂದು ನೂಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಗೇನು ಕೊರತೆ, ಆದರೆ ಎಷ್ಟೋ ದಿನ ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಬೆಚ್ಚನೆಯ ಒಣ ಗಾಳಿಯ ಪದರ ಮುಚ್ಚಳದ ಹಾಗೆ ಕೂತಿರುತ್ತದೆ. ಅದು ಗಟ್ಟಿಯಿದ್ದರೆ ದಿನವೆಲ್ಲ ಬರೀ ಸೆಕೆ. ಸಂಜೆ ನಾಲ್ಕಕ್ಕೆ ಎಲ್ಲೋ ಒಂದು ಕಡೆ ಒಡೆದರೆ ಅರ್ಧ ಗಂಟೆಯಲ್ಲಿ ಮೋಡ ಗೋಪುರವಾಗಿ ಎದ್ದುಬಿಡುತ್ತದೆ. ಬೆಳಿಗ್ಗೆ 5:30ಕ್ಕೆ ಹೈದರಾಬಾದಿನಂಥ ಕಡೆ ಹಾರಿಸುವ ಬಲೂನು ಈ ಮುಚ್ಚಳವನ್ನು ಅಳೆದು ಕೊಡುತ್ತದೆ. ಆದರೆ ಯಾವ ಊರಿನ ಮೇಲೆ ಒಡೆಯುತ್ತದೆ ಅಂತ ಅದು ಹೇಳುವುದಿಲ್ಲ. ಒಂದೊಂದು ಮೋಡದ ಆಯುಷ್ಯ ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಅದು ಸಾಯುವಾಗ ಬಿಡುವ ತಣ್ಣನೆ ಗಾಳಿ ಪಕ್ಕದಲ್ಲಿ ಇನ್ನೊಂದನ್ನು ಎಬ್ಬಿಸುತ್ತದೆ.

ನಮ್ಮ ಕಡೆ ಮಳೆಗಿಂತ ಮೊದಲು ಗಾಳಿ ಹೊಡೆಯುವುದನ್ನು ನೋಡಿದ್ದೀರಿ, ಅಲ್ವಾ? ನೆಲದ ಹತ್ತಿರ ಮಳೆಗೆ ಸಾಲುವಷ್ಟು ತೇವ ಇದ್ದರೂ ಆ ಬಿಸಿಗೆ ಗಾಳಿ ಒಣಗಿದ ಹಾಗೇ ಇರುತ್ತದೆ, ಹಾಗಾಗಿ ಮೋಡದ ತಳ ಎತ್ತರದಲ್ಲಿರುತ್ತದೆ. ಬೀಳುವ ಹನಿ ದಾರಿಯಲ್ಲೇ ಆವಿಯಾಗುತ್ತದೆ, ಆವಿಯಾಗುತ್ತಾ ಸುತ್ತಲ ಗಾಳಿಯನ್ನು ತಣ್ಣಗೆ ಮಾಡುತ್ತದೆ, ಆ ಭಾರವಾದ ಗಾಳಿ ಧೊಪ್ಪನೆ ಕೆಳಗೆ ಬಿದ್ದು ನಾಲ್ಕೂ ದಿಕ್ಕಿಗೆ ಹರಡುತ್ತದೆ. ತಗಡು ಹಾರುವುದು, ಬಾಳೆ ಮುರಿಯುವುದು ಇದರಿಂದಲೇ. ಕೆಲವೊಮ್ಮೆ ಮಳೆಯೇ ಇಲ್ಲದೆ.

ಅಮೆರಿಕದ ಓಕ್ಲಹೋಮಾದ ನಾರ್ಮನ್‌ನಲ್ಲಿ ಗುಡುಗು ಮಳೆಗೆಂದೇ ಒಂದು ಕೇಂದ್ರವಿದೆ. ಮುಖ್ಯ ನೆಲದ ಅಷ್ಟೂ ರಾಜ್ಯಗಳಿಗೆ ದಿನವೂ ಅಪಾಯದ ಐದು ಹಂತದ ನಕ್ಷೆ ಬಿಡುತ್ತಾರೆ. ಅದರಲ್ಲಿ ಆಲಿಕಲ್ಲಿಗೆ 15% ಅಂದರೆ, ನೀವು ನಿಂತ ಜಾಗದಿಂದ ಸುಮಾರು 40 ಕಿಲೋಮೀಟರ್ ಒಳಗೆ ಎಲ್ಲಾದರೂ ದೊಡ್ಡ ಆಲಿಕಲ್ಲು ಬೀಳುವ ಸಾಧ್ಯತೆ ಅಷ್ಟು. ನೂರಕ್ಕೆ ಹದಿನೈದು ಸಣ್ಣದು ಅನಿಸುತ್ತದೆ, ಆದರೆ ಮಾಮೂಲಿ ದಿನದಲ್ಲಿ ಅದು ಸೊನ್ನೆಯ ಹತ್ತಿರ ಇರುತ್ತದೆ. ಎಲ್ಲ ಸಲಕರಣೆ ಇರುವ ಅವರೇ ಬೆಳಿಗ್ಗೆ ಒಂದು ಹೊಲದ ಹೆಸರು ಹೇಳುವುದಿಲ್ಲ. ನಮ್ಮ ಹವಾಮಾನ ಇಲಾಖೆಯ ಹಳದಿಯನ್ನೂ ಹಾಗೇ ಓದಬೇಕು. ಅದು ಜಿಲ್ಲೆಯ ಮಾತು, ನಿಮ್ಮ ರಾಶಿಯ ಮಾತಲ್ಲ. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಕೈ ಹಚ್ಚಿ.

ಆ ರೈತರಿಗೆ ನಾನು ಹೇಳಿದ್ದು ಇಷ್ಟೇ. ಹಳದಿ ದಿನ ತಾಡಪತ್ರಿ ರಾಶಿ ಪಕ್ಕ ಇರಲಿ, ಹೊದಿಸುವುದು ಬೇಡ. ಮಧ್ಯಾಹ್ನದ ಮೇಲೆ ಇಲಾಖೆಯಿಂದ ಮೂರು ಗಂಟೆಗೊಮ್ಮೆ ಬರುವ ತಕ್ಷಣದ ಮುನ್ಸೂಚನೆ ನೋಡಿ. ಅದರಲ್ಲಿ ರಾಡಾರ್ ಕಂಡ ಮೋಡದ ಲೆಕ್ಕ ಇರುತ್ತದೆ, ಊಹೆ ಕಡಿಮೆ. ಸಿಡಿಲಿನ ಎಚ್ಚರಿಕೆಗೆ ದಾಮಿನಿ ಆ್ಯಪ್ ಇದೆ.

ನನಗೆ ಭತ್ತಕ್ಕಿಂತ ಜಾಸ್ತಿ ಚಿಂತೆ ಕುರಿಗಾಹಿಗಳದು. ಎರೆಭೂಮಿಯಲ್ಲಿ ಕಣ್ಣು ಹಾಯುವಷ್ಟು ದೂರಕ್ಕೆ ಒಂದೇ ಬೇವಿನ ಮರ, ಹನಿ ಶುರುವಾದರೆ ಕುರಿ ಸಮೇತ ಎಲ್ಲರೂ ಅದರ ಕೆಳಗೆ. ಸಿಡಿಲು ಹುಡುಕುವುದೂ ಅದನ್ನೇ. ಮಿಂಚು ಕಂಡ ಕೂಡಲೇ ಎಣಿಸಿ. ಶಬ್ದ ಒಂದು ಕಿಲೋಮೀಟರ್ ದಾಟಲು ಸುಮಾರು 3 ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿತೋ, ಸಿಡಿಲು 10 ಕಿಲೋಮೀಟರ್ ಒಳಗಿದೆ. ಕುರಿ ಬಿಟ್ಟು ಪಕ್ಕಾ ಮನೆಗೋ ಮುಚ್ಚಿದ ವಾಹನದೊಳಗೋ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬೇಡಿ, ಬಿಸಿಲು ಬಿದ್ದರೂ.